ಕಾಣಿಕೆ ಅಲ್ಲೇ ಇರಲಿ: ಕ್ರೈಸ್ತ ಬದುಕಿನಲ್ಲಿ ಪಶ್ಚಾತ್ತಾಪ



ಯೆರಿಕೋ ಪಟ್ಟಣದ ಜಕ್ಕಾಯನ ಕಥೆ ನಿಮಗೆಲ್ಲ ಗೊತ್ತು. ಸಂಡೇ ಸ್ಕೂಲಿನ ಮಕ್ಕಳಿಗೂ ಅವನ ಗಿಡ್ಡ ಮೈಕಟ್ಟು, ಅವನು ಮರ ಹತ್ತಿದ್ದು, ಯೇಸು ಕೆಳಗೆ ನಿಂತು ಹೆಸರು ಹಿಡಿದು ಕರೆದದ್ದು ಬಾಯಿಪಾಠ. ನಾವು ಅಷ್ಟಾಗಿ ಗಮನ ಕೊಡದಿರುವುದು ಆತ ಎದ್ದು ನಿಂತು ಒಪ್ಪಿಸಿದ ಲೆಕ್ಕಕ್ಕೆ. ಆಸ್ತಿಯಲ್ಲಿ ಅರ್ಧ ಬಡವರಿಗೆ. ಯಾರಿಂದಲಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ಅವರಿಗೆ ನಾಲ್ಕು ಪಟ್ಟು. ಅವನು ಅತ್ತನೇ, ಎದೆ ಬಡಿದುಕೊಂಡನೇ ಎಂಬುದರ ಬಗ್ಗೆ ಲೂಕ ಒಂದು ಮಾತನ್ನೂ ಬರೆದಿಲ್ಲ. ಬರೆದಿರುವುದು ಲೆಕ್ಕವನ್ನು.

ಮೋಶೆಯ ಧರ್ಮಶಾಸ್ತ್ರ ಬಲ್ಲವರಿಗೆ ಆ ಲೆಕ್ಕದ ತೂಕ ತಿಳಿಯುತ್ತದೆ. ನೆರೆಯವನಿಗೆ ಮೋಸ ಮಾಡಿ ಪಡೆದದ್ದನ್ನು ಒಪ್ಪಿಕೊಂಡವನು ಅಸಲಿನ ಮೇಲೆ ಐದನೇ ಒಂದು ಪಾಲು ಸೇರಿಸಿ ಹಿಂದಕ್ಕೆ ಕೊಡಬೇಕು ಎನ್ನುತ್ತದೆ ಯಾಜಕಕಾಂಡ. ಕುರಿ ಕದ್ದು ಕೊಯ್ದವನು ಅಥವಾ ಮಾರಿದವನು ಒಂದಕ್ಕೆ ನಾಲ್ಕು ಕುರಿ ಕೊಡಬೇಕೆಂಬುದು ವಿಮೋಚನಕಾಂಡದ ವಿಧಿ. ಜಕ್ಕಾಯ ತನಗೆ ತಾನೇ ಕಳ್ಳನ ದಂಡ ಹಾಕಿಕೊಂಡ. ತಪ್ಪು ಒಪ್ಪಿಕೊಂಡವನಿಗೆ ಸಿಗಬಹುದಾದ ರಿಯಾಯಿತಿಯನ್ನು ಅವನು ಕೇಳಲಿಲ್ಲ.

ಯೆರಿಕೋ ಆಗ ಹಸಿದ ಊರಲ್ಲ. ಖರ್ಜೂರದ ತೋಪುಗಳಿಗೆ, ಸುಗಂಧದ ಬಾಲ್ಸಮ್ ಗಿಡಗಳಿಗೆ ಹೆಸರಾದ ತಾಣ. ಯೊರ್ದನ್ ಹೊಳೆ ದಾಟಿ ಜೆರೂಸಲೇಮಿಗೆ ಹತ್ತುವ ಸರಕೆಲ್ಲ ಆ ದಾರಿಯಲ್ಲೇ ಬರಬೇಕು. ಅಂಥ ಕಡೆ ಸುಂಕದವರ ಮುಖ್ಯಸ್ಥನಾಗಿದ್ದವನ ಕೈಯಲ್ಲಿ ಸಿಕ್ಕಿ ಸೊರಗಿದವರು ಯಾರು? ಕತ್ತೆಯ ಮೇಲೆ ಮೂಟೆ ಹೇರಿಕೊಂಡು ಬಂದ ಸಣ್ಣ ವ್ಯಾಪಾರಿ, ಫಸಲು ಮಾರಲು ಬಂದ ರೈತ. ಅವನ ಮನೆಗೆ ಯೇಸು ಹೋದದ್ದನ್ನು ಕಂಡು ಜನ ಗೊಣಗಿದರು ಎಂದು ಓದುವಾಗ ನಾವು ಆ ಜನರನ್ನು ಸುಲಭವಾಗಿ ಕಪಟಿಗಳೆಂದು ತೀರ್ಮಾನಿಸಿಬಿಡುತ್ತೇವೆ. ಅವರಲ್ಲಿ ಕೆಲವರಾದರೂ ಹಣ ಕಳೆದುಕೊಂಡವರೇ ಇದ್ದಿರಬೇಕು. ಅವರ ಗೊಣಗಾಟಕ್ಕೆ ಕಾರಣವಿತ್ತು. ಜಕ್ಕಾಯ ಉತ್ತರ ಕೊಟ್ಟದ್ದು ಆ ಗೊಣಗಾಟಕ್ಕೆ.

ಘಟನೆಯ ಅನುಕ್ರಮವನ್ನೂ ನೋಡಬೇಕು. ಮೊದಲು ಯೇಸು ಅವನ ಮನೆಗೆ ಬರುತ್ತೇನೆ ಎಂದರು. ಹಣದ ಮಾತು ಬಂದದ್ದು ಆಮೇಲೆ. ನಾಲ್ಕು ಪಟ್ಟು ಕೊಟ್ಟು ಜಕ್ಕಾಯ ಆ ಭೇಟಿಯನ್ನು ಕೊಂಡುಕೊಳ್ಳಲಿಲ್ಲ. ಆದ್ದರಿಂದ, ಹಿಂದಿರುಗಿಸುವ ಮಾತೆತ್ತಿದರೆ ಕೃಪೆಯನ್ನು ಬದಿಗೊತ್ತಿ ಕ್ರಿಯೆಗಳಿಂದ ರಕ್ಷಣೆ ಗಳಿಸುವ ಬೋಧನೆಯಾಗುತ್ತದೆ ಎಂದು ಯಾರೂ ಅಂಜಬೇಕಿಲ್ಲ. ಕೃಪೆ ಮನೆಯೊಳಗೆ ಕಾಲಿಟ್ಟ ಮೇಲೆ ಆ ಮನೆಯಲ್ಲಿ ಕದ್ದ ಮಾಲು ಉಳಿಯಲಾರದು. ಅಷ್ಟೇ.

ಈ ಸಂಜೆ ನಾನು ಹೇಳಲು ಬಂದಿರುವ ಮಾತು ಒಂದೇ. ಪಶ್ಚಾತ್ತಾಪವೆಂದರೆ ದೇವರು ಮತ್ತು ಪಾಪಿ ಇಬ್ಬರ ನಡುವಿನ ಸಂಗತಿ ಎಂದು ತಿಳಿದುಕೊಂಡು, ಮೂರನೆಯ ವ್ಯಕ್ತಿಯನ್ನು ನಾವು ಬಾಗಿಲ ಹೊರಗೆ ನಿಲ್ಲಿಸಿದ್ದೇವೆ. ಆ ಮೂರನೆಯವರು ನಮ್ಮ ಕೈಯಿಂದ ನೊಂದವರು. ಅವರನ್ನು ಒಳಗೆ ಕರೆಯದ ಪಶ್ಚಾತ್ತಾಪ, ಎಷ್ಟೇ ಕಣ್ಣೀರಿನದಾದರೂ, ಸುವಾರ್ತೆಯ ಅಳತೆಗೆ ಗಿಡ್ಡದೇ.

ದಾವೀದನ ಪ್ರಸಂಗವನ್ನು ಇಲ್ಲಿ ತರಲೇಬೇಕು, ಏಕೆಂದರೆ ನಮ್ಮ ಪ್ರಾರ್ಥನೆಗಳಿಗೆಲ್ಲ ಅಡಿಪಾಯವಾಗಿರುವುದು ಅವನ ಹೆಸರಿನ 51ನೆಯ ಕೀರ್ತನೆ. ಅದರಲ್ಲಿ, ತಾನು ದೇವರಿಗೆ ಮಾತ್ರವೇ ತಪ್ಪಿ ನಡೆದೆ ಎಂಬ ಅರ್ಥದ ಮಾತೊಂದಿದೆ. ಪಾಪದ ಕಟ್ಟಕಡೆಯ ಲೆಕ್ಕ ದೇವರ ಮುಂದೆಯೇ ಎಂಬ ಅರಿವು ಅಲ್ಲಿದೆ, ನಿಜ. ಆದರೆ ಅದೊಂದೇ ಮಾತನ್ನು ಹಿಡಿದುಕೊಂಡರೆ ಊರೀಯ ಎಲ್ಲಿ ಹೋದ? ಯುದ್ಧದ ಮುಂಚೂಣಿಗೆ ತಳ್ಳಿ ಕೊಲ್ಲಿಸಿದ ಆ ನಿಷ್ಠಾವಂತ ಸಿಪಾಯಿ? ಅವನ ಹೆಂಡತಿ ಬತ್ಷೆಬೆಯ ಒಪ್ಪಿಗೆಯನ್ನು ಕೇಳಿದವರು ಯಾರು? ಪ್ರವಾದಿ ನಾತಾನ ಆ ತಪ್ಪನ್ನು ಮಾಡಲಿಲ್ಲ. ಅವನು ಅರಮನೆಗೆ ಬಂದು ಹೇಳಿದ ಕಥೆಯ ನಡುವೆ ಇದ್ದದ್ದು ಒಂದೇ ಒಂದು ಹೆಣ್ಣುಕುರಿಮರಿಯ ಬಡವ. ರಾಜನ ಎದುರಿಗೆ ಮೊದಲು ನೊಂದವನನ್ನು ತಂದು ನಿಲ್ಲಿಸಿದ. ಕಥೆ ಕೇಳಿ ಸಿಟ್ಟಿಗೆದ್ದ ದಾವೀದ ಕೊಟ್ಟ ತೀರ್ಪೇನು? ಕುರಿ ಕಿತ್ತುಕೊಂಡವನು ನಾಲ್ಕರಷ್ಟು ಕೊಡಬೇಕು. ಯೆರಿಕೋದಲ್ಲಿ ಜಕ್ಕಾಯನ ಬಾಯಲ್ಲಿ ಬಂದದ್ದೂ ಅದೇ ಅಳತೆ. ಊರೀಯನಿಗೆ ಮಾತ್ರ ಯಾರೂ ಏನನ್ನೂ ಹಿಂದಕ್ಕೆ ಕೊಡಲಾಗಲಿಲ್ಲ; ಅವನು ಸತ್ತಿದ್ದ. ಕೆಲವು ಅನ್ಯಾಯಗಳಿಗೆ ಪರಿಹಾರವೇ ಉಳಿದಿರುವುದಿಲ್ಲ ಎಂಬ ಕಠಿಣ ಸತ್ಯವನ್ನು ಆ ಅಧ್ಯಾಯ ಮುಚ್ಚಿಡುವುದಿಲ್ಲ.

ಇನ್ನು ಪರ್ವತ ಪ್ರಸಂಗ. ಕಾಣಿಕೆ ಹಿಡಿದು ಯಜ್ಞವೇದಿಯ ಮುಂದೆ ನಿಂತಾಗ, ಸಹೋದರನಿಗೆ ನಿನ್ನ ಮೇಲೆ ದೂರಿದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನೊಡನೆ ಒಂದಾಗು, ಆಮೇಲೆ ಬಾ ಎಂಬುದು ಯೇಸುವಿನ ಅಪ್ಪಣೆಯ ಸಾರ. ಇದನ್ನು ಕೇಳುತ್ತಿದ್ದವರು ಗಲಿಲಾಯದವರು. ಯಜ್ಞವೇದಿ ಇದ್ದದ್ದು ಜೆರೂಸಲೇಮಿನಲ್ಲಿ, ಕಾಲ್ನಡಿಗೆಯಲ್ಲಿ ಸುಮಾರು ಮೂರು ದಿನದ ಹಾದಿ. ಅಷ್ಟು ದೂರ ನಡೆದು, ಸಾಲಿನಲ್ಲಿ ನಿಂತು, ಸರದಿ ಬಂದ ಗಳಿಗೆಯಲ್ಲಿ ತಿರುಗಿ ಊರಿಗೆ ಹೋಗಿ ಮತ್ತೆ ಬರುವುದೆಂದರೆ ವಾರಕ್ಕೂ ಮೀರಿದ ಕೆಲಸ. ಕೇಳಿದವರಿಗೆ ಇದು ಅತಿಯಾಯಿತು ಅನ್ನಿಸಿರಬೇಕು. ಇನ್ನೊಂದು ಸೂಕ್ಷ್ಮವೂ ಇದೆ: ನೆನಪಾಗಬೇಕಾದದ್ದು ನನಗೆ ಅವನ ಮೇಲಿರುವ ಕೋಪವಲ್ಲ, ಅವನಿಗೆ ನನ್ನ ಮೇಲಿರುವ ದೂರು. ಆರಾಧನೆಗೆ ನಿಂತವನ ಎದೆಯನ್ನು ಬಗೆದು ನೋಡುವ ಬದಲು ಯೇಸು ನೊಂದವನ ಎದೆಯ ಕಡೆಗೆ ಬೆರಳು ತೋರಿಸಿದರು.

ಇಷ್ಟು ಸ್ಪಷ್ಟವಾಗಿದ್ದದ್ದು ಮಸುಕಾದದ್ದು ಹೇಗೆ?

ಮೊದಲ ಶತಮಾನಗಳ ಸಭೆಗೆ ಪಶ್ಚಾತ್ತಾಪ ಎಂಬುದು ಬಹಿರಂಗ ಕ್ರಿಯೆ. ಕ್ರಿ.ಶ. 250ರಲ್ಲಿ ಚಕ್ರವರ್ತಿ ಡೇಸಿಯಸ್ ಎಲ್ಲರೂ ರೋಮಿನ ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಮಾಡಿದ. ಅಂಥ ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಈಗಲೂ ಸಿಕ್ಕಿವೆ. ಸಾವಿರಾರು ಕ್ರೈಸ್ತರು ಜೀವಭಯದಿಂದ ಬಲಿ ಕೊಟ್ಟರು, ಇಲ್ಲವೇ ಲಂಚ ಕೊಟ್ಟು ಪತ್ರ ಮಾಡಿಸಿಕೊಂಡರು. ಹಿಂಸೆ ಇಳಿದ ಮೇಲೆ ಇವರನ್ನು ಮತ್ತೆ ಸೇರಿಸಿಕೊಳ್ಳಬೇಕೇ ಎಂಬ ಪ್ರಶ್ನೆಗೆ ಸಭೆ ಸೀಳಿಹೋಯಿತು. ರೋಮಿನ ನೊವೇಷಿಯನ್ ಆಗದು ಎಂದ. ಕಾರ್ಥೇಜಿನ ಬಿಷಪ್ ಸಿಪ್ರಿಯನ್, ದೀರ್ಘ ಪ್ರಾಯಶ್ಚಿತ್ತದ ನಂತರ ಆಗಬಹುದು ಎಂದ. ಗೋಣಿಬಟ್ಟೆ ಉಟ್ಟು, ಆರಾಧನೆಗೆ ಬರುವವರ ಮುಂದೆ ಬಾಗಿಲಲ್ಲಿ ನಿಂತು, ವರ್ಷಗಟ್ಟಲೆ ಕಾಯಬೇಕು. ಅದೂ ಬಾಳಿನಲ್ಲಿ ಒಂದೇ ಸಲ. ಆ ಕಟ್ಟುನಿಟ್ಟಿನ ಫಲವಾಗಿ ಜನ ಪಶ್ಚಾತ್ತಾಪವನ್ನು ಮರಣಶಯ್ಯೆಯವರೆಗೂ ಮುಂದೂಡತೊಡಗಿದರು. ಈ ಪದ್ಧತಿಗೆ ಮರಳಬೇಕೆಂದು ನಾನು ಹೇಳುತ್ತಿಲ್ಲ. ಆದರೂ ಒಬ್ಬನ ಪಾಪ ಇಡೀ ಸಮುದಾಯವನ್ನು ಗಾಯಗೊಳಿಸುತ್ತದೆ ಎಂಬ ತಿಳಿವು ಅದರಲ್ಲಿತ್ತು.

390ರಲ್ಲಿ ಥೆಸ್ಸಲೊನಿಕದ ಜನ ದಂಡನಾಯಕನೊಬ್ಬನನ್ನು ಕೊಂದದ್ದಕ್ಕೆ ಪ್ರತೀಕಾರವಾಗಿ ಚಕ್ರವರ್ತಿ ತೆಯೊದೋಸಿಯಸ್‌ನ ಸೈನಿಕರು ಸರ್ಕಸ್ ಬಯಲಿನಲ್ಲಿ ನೆರೆದವರನ್ನು ಕತ್ತರಿಸಿದರು. ಸತ್ತವರು ಏಳು ಸಾವಿರ ಎಂದು ಚರಿತ್ರೆಕಾರ ತೆಯೊದೊರೇತ್ ಬರೆಯುತ್ತಾನೆ. ಮಿಲಾನಿನ ಬಿಷಪ್ ಅಂಬ್ರೋಸ್ ಚಕ್ರವರ್ತಿಗೆ ಪತ್ರ ಬರೆದು, ಪಶ್ಚಾತ್ತಾಪಪಡುವ ತನಕ ನಿನ್ನ ಮುಂದೆ ಪ್ರಭುಭೋಜನದ ಅರ್ಪಣೆ ಮಾಡಲಾರೆ ಎಂದು ತಿಳಿಸಿದ. ರಾಜಲಾಂಛನ ಕಳಚಿಟ್ಟು ಚಕ್ರವರ್ತಿ ಎಲ್ಲರೆದುರು ಅತ್ತ. ಆ ಕ್ರಿಸ್ಮಸ್ಸಿಗೆ ಅವನನ್ನು ಮತ್ತೆ ಸೇರಿಸಿಕೊಳ್ಳಲಾಯಿತು. ಅಧಿಕಾರಕ್ಕೆ ಎದುರು ನಿಂತ ಅಂಬ್ರೋಸನ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅವನ ಪತ್ರ ಚಕ್ರವರ್ತಿಯ ಆತ್ಮದ ಬಗ್ಗೆ ಬಹಳ ಹೇಳುತ್ತದೆ. ಥೆಸ್ಸಲೊನಿಕದ ವಿಧವೆಯರಿಗೆ ಏನು ಸಲ್ಲಬೇಕೆಂದು ಕೇಳುವುದಿಲ್ಲ. ಮೂರನೆಯವರು ಬಾಗಿಲಿಂದಾಚೆಗೆ ಸರಿಯತೊಡಗಿದ್ದು ಅಲ್ಲಿಂದಲೇ ನನಗೆ ಕಾಣುತ್ತದೆ.

ಮುಂದೆ ಐರಿಷ್ ಸನ್ಯಾಸಿಗಳ ಮೂಲಕ ಗುಟ್ಟಿನ ಪಾಪನಿವೇದನೆ ಯುರೋಪಿಗೆ ಹಬ್ಬಿತು. ಬಾಳಿಗೊಂದೇ ಸಲ ಎಂಬ ಕಟ್ಟು ಸಡಿಲಿತು. ಬಿದ್ದವನು ಎಷ್ಟು ಸಲವಾದರೂ ಏಳಬಹುದಾಯಿತು. ಅದು ದೊಡ್ಡ ಕರುಣೆ. 1215ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಲೇಬೇಕೆಂದು ವಿಧಿಸಿತು. ಕದ್ದದ್ದನ್ನು ಹಿಂದಿರುಗಿಸಬಲ್ಲವನು ಹಿಂದಿರುಗಿಸದೆ ಇದ್ದರೆ ಅವನ ಪಶ್ಚಾತ್ತಾಪ ಬರೀ ನಟನೆ ಎಂಬ ಸಂತ ಅಗಸ್ಟೀನರ ಬೋಧನೆಯೇನೋ ಪುಸ್ತಕದಲ್ಲಿತ್ತು. ಆಚರಣೆಯಲ್ಲಿ ಇಬ್ಬರೇ ಉಳಿದರು: ಮೊಣಕಾಲೂರಿದವನು ಮತ್ತು ಕಿವಿಗೊಟ್ಟ ಗುರು.

ಪುಸ್ತಕದಲ್ಲಿದ್ದದ್ದನ್ನು ಬೀದಿಗೆ ತಂದವರು ಬಾರ್ತೊಲೊಮೆ ದೆ ಲಾಸ್ ಕಾಸಸ್. ಕನ್ನಡದಲ್ಲಿ ಇವರ ಬಗ್ಗೆ ನಾವು ಮಾತಾಡುವುದು ಕಡಿಮೆ, ಆದ್ದರಿಂದ ಕೊಂಚ ನಿಂತು ಹೇಳುತ್ತೇನೆ. 1502ರಲ್ಲಿ ಸ್ಪೇನಿನಿಂದ ಕೆರಿಬಿಯನ್ ದ್ವೀಪಗಳಿಗೆ ಹೋದ ಯುವಕ. ಅಲ್ಲಿನ ಮೂಲನಿವಾಸಿಗಳನ್ನು ಸ್ಪೇನಿನವರಿಗೆ ಹಂಚಿ, ಅವರಿಂದ ಗಣಿಯಲ್ಲಿ, ಹೊಲದಲ್ಲಿ ಬಿಟ್ಟಿ ದುಡಿಸುವ ವ್ಯವಸ್ಥೆಯಲ್ಲಿ ಇವರಿಗೂ ಪಾಲು ಸಿಕ್ಕಿತ್ತು. ಗುರುದೀಕ್ಷೆ ಪಡೆದ ಮೇಲೂ ಆ ಪಾಲನ್ನು ಬಿಟ್ಟಿರಲಿಲ್ಲ. ಮೂಲನಿವಾಸಿಗಳನ್ನು ಇಟ್ಟುಕೊಂಡಿದ್ದೀರಿ ಎಂಬ ಕಾರಣಕ್ಕೆ ಡೊಮಿನಿಕನ್ ಗುರುವೊಬ್ಬರು ಇವರಿಗೇ ಪಾಪವಿಮೋಚನೆ ನಿರಾಕರಿಸಿದ್ದುಂಟು. ಆಗ ಅದು ನಾಟಲಿಲ್ಲ. 1514ರಲ್ಲಿ ಕ್ಯೂಬಾದಲ್ಲಿ ಪೆಂತೆಕೋಸ್ತ್ ಹಬ್ಬದ ಬೋಧನೆಗೆ ಸಿದ್ಧರಾಗುತ್ತಿದ್ದಾಗ ಸಿರಾಕನ ಗ್ರಂಥದ 34ನೆಯ ಅಧ್ಯಾಯ ಕಣ್ಣಿಗೆ ಬಿತ್ತು. ಬಡವನಿಂದ ಕಿತ್ತುಕೊಂಡದ್ದನ್ನು ದೇವರಿಗೆ ಅರ್ಪಿಸುವುದು ತಂದೆಯ ಕಣ್ಣೆದುರು ಮಗನನ್ನು ಕೊಂದಂತೆ ಎಂಬ ವಿಚಾರ ಅಲ್ಲಿದೆ. ತಾವು ದಿನವೂ ಎತ್ತುತ್ತಿದ್ದ ರೊಟ್ಟಿ ಯಾರ ಬೆವರಿನದು ಎಂದು ಅವರಿಗೆ ಹೊಳೆಯಿತು. ಅದೇ ವರ್ಷ ತಮ್ಮ ಪಾಲನ್ನು ಬಿಟ್ಟುಕೊಟ್ಟು, ಬಿಟ್ಟದ್ದನ್ನು ಎಲ್ಲರೆದುರು ಬೋಧಿಸಿದರು.

ಮೂವತ್ತು ವರ್ಷಗಳ ಬಳಿಕ ಮೆಕ್ಸಿಕೊದ ಚಿಯಾಪಾಸಿಗೆ ಬಿಷಪ್ ಆಗಿ ಬಂದಾಗ ಅವರು ಮಾಡಿದ್ದು ಇದು: 1545ರ ತಪಸ್ಸುಕಾಲದಲ್ಲಿ, ಮೂಲನಿವಾಸಿಗಳನ್ನು ಗುಲಾಮರನ್ನಾಗಿ ಇಟ್ಟುಕೊಂಡವರಿಗೆ ಪಾಪವಿಮೋಚನೆ ಕೊಡಕೂಡದೆಂದು ಗುರುಗಳಿಗೆ ಕಟ್ಟಪ್ಪಣೆ ಮಾಡಿದರು. ಊರೇ ತಿರುಗಿಬಿತ್ತು. ಮುಂದೆ ಅವರು ಪಾಪನಿವೇದನೆ ಕೇಳುವ ಗುರುಗಳಿಗಾಗಿ ಬರೆದ ನಿಯಮಗಳು 1552ರಲ್ಲಿ ಅಚ್ಚಾದವು. ಮೂಲನಿವಾಸಿಗಳ ದುಡಿಮೆಯಿಂದ ಹಣ ಮಾಡಿದವನು ಸಾಯುವ ಮುನ್ನ ಪಾಪನಿವೇದನೆಗೆ ಕರೆದರೆ, ಗುರು ಮೊದಲು ನೋಟರಿಯನ್ನು ಕರೆಸಬೇಕು. ಆಸ್ತಿಯ ಮೇಲಿನ ಅಧಿಕಾರವನ್ನೆಲ್ಲ ಬರಹದಲ್ಲಿ ಬಿಟ್ಟುಕೊಡಿಸಿ, ಯಾರಿಂದ ಕಿತ್ತುಕೊಂಡನೋ ಅವರಿಗೆ ಅಥವಾ ಅವರ ವಾರಸುದಾರರಿಗೆ ಹಿಂದಿರುಗಿಸುವ ಏರ್ಪಾಡಾಗಬೇಕು. ಗುಲಾಮರನ್ನು ಬಿಡುಗಡೆ ಮಾಡಬೇಕು. ವಿಮೋಚನೆಯ ಮಾತು ಆಮೇಲೆ. ಈ ನಿಯಮಗಳು ರಾಜನ ಹಕ್ಕನ್ನೇ ಪ್ರಶ್ನಿಸುತ್ತವೆ ಎಂದು ರಾಜದ್ರೋಹದ ಆರೋಪ ಬಂತು. ಆದರೂ ಪೆರುವಿನ ಕೆಲವು ಹಳೆಯ ದಂಡಯಾತ್ರಿಕರ ಉಯಿಲುಗಳಲ್ಲಿ, ಮೂಲನಿವಾಸಿಗಳಿಗೆ ಹಿಂದಿರುಗಿಸಬೇಕಾದ ಹಣದ ಉಲ್ಲೇಖ ಇವತ್ತಿಗೂ ಓದಸಿಗುತ್ತದೆ. ಸಾಯುವವನ ಹಾಸಿಗೆಯ ಬಳಿಗೆ ನೊಂದವರನ್ನು ಕಾಗದದ ಮೂಲಕವಾದರೂ ಕರೆತಂದ ಆ ನಿಯಮಗಳಿಗೆ ಸಮನಾದದ್ದು ಕ್ರೈಸ್ತ ಚರಿತ್ರೆಯಲ್ಲಿ ನನಗೆ ಹೆಚ್ಚು ಸಿಕ್ಕಿಲ್ಲ.

ಅವರ ಬಾಳಿನಲ್ಲೇ ಇನ್ನೊಂದು ಕಹಿಯೂ ಇದೆ. ಮೂಲನಿವಾಸಿಗಳ ಹೊರೆ ತಗ್ಗಿಸಲೆಂದು, ಆಫ್ರಿಕಾದಿಂದ ಗುಲಾಮರನ್ನು ತರಿಸಬಹುದೆಂದು ಅವರು ಮೊದಲ ವರ್ಷಗಳಲ್ಲಿ ಸಲಹೆ ಕೊಟ್ಟಿದ್ದರು. ಆಫ್ರಿಕನ್ನರನ್ನೂ ಅಷ್ಟೇ ಅನ್ಯಾಯವಾಗಿ ಹಿಡಿದು ತರಲಾಗುತ್ತಿದೆ ಎಂದು ತಿಳಿದ ಮೇಲೆ, ತಾವು ಬರೆದ ಚರಿತ್ರೆಯಲ್ಲೇ ಆ ಸಲಹೆಯನ್ನು ತಮ್ಮ ಅಪರಾಧವೆಂದು ದಾಖಲಿಸಿದರು. ತಿಳಿಯದೆ ಮಾಡಿದೆ ಎಂಬ ನೆಪ ದೇವರ ಮುಂದೆ ನಿಂತೀತೇ ಎಂಬ ಅನುಮಾನವನ್ನೂ ಸೇರಿಸಿದರು. ಒಬ್ಬ ನೊಂದವನನ್ನು ಕಂಡ ಕಣ್ಣು ಪಕ್ಕದಲ್ಲೇ ಇರುವ ಇನ್ನೊಬ್ಬನನ್ನು ಕಾಣದೆ ಹೋಗಬಹುದು.

1517ರಲ್ಲಿ ಲೂಥರ್ ಹೊರಡಿಸಿದ 95 ವಾದಸೂತ್ರಗಳಲ್ಲಿ ಮೊದಲನೆಯದು, ವಿಶ್ವಾಸಿಯ ಇಡೀ ಜೀವಮಾನವೇ ಪಶ್ಚಾತ್ತಾಪವಾಗಬೇಕೆಂದು ಸಾರಿತು. ಹಣ ಕೊಟ್ಟು ಕ್ಷಮಾಪತ್ರ ಕೊಳ್ಳುವುದಕ್ಕಿಂತ ಬಡವನಿಗೆ ಕೊಡುವುದು ಮೇಲು ಎಂಬ ಮಾತೂ ಅದರಲ್ಲಿದೆ. ಪ್ರೊಟೆಸ್ಟಂಟರಾದ ನಾವು ಆ ಮೊದಲ ಸೂತ್ರವನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆಚರಣೆಯಲ್ಲಿ ಮಾತ್ರ ಇಡೀ ಜೀವಮಾನದ ಕೆಲಸವನ್ನು ಉಜ್ಜೀವನ ಕೂಟದ ಒಂದು ಸಂಜೆಗೆ ಇಳಿಸಿಬಿಟ್ಟಿದ್ದೇವೆ. ಯಾವ ದಿನ, ಯಾವ ಊರಿನ ಕೂಟದಲ್ಲಿ ರಕ್ಷಣೆ ಹೊಂದಿದಿರಿ ಎಂದು ಕೇಳುತ್ತೇವೆ. ಆ ದಿನದ ಮಾರನೆಯ ಬೆಳಿಗ್ಗೆ ಯಾರ ಮನೆಯ ಬಾಗಿಲು ತಟ್ಟಿದಿರಿ ಎಂದು ಕೇಳುವುದಿಲ್ಲ.

ಇದು ಎಷ್ಟು ಅಪಾಯದ್ದು ಎಂಬುದಕ್ಕೆ ಜಾನ್ ನ್ಯೂಟನ್ನರ ಬಾಳು ಸಾಕ್ಷಿ. ಅಮೇಜಿಂಗ್ ಗ್ರೇಸ್ ಗೀತೆಯನ್ನು ಬರೆದವರು. 1748ರ ಮಾರ್ಚಿನಲ್ಲಿ, ಅಟ್ಲಾಂಟಿಕ್ ಬಿರುಗಾಳಿಗೆ ಸಿಕ್ಕಿ ಹಡಗು ಮುಳುಗುವ ಹಂತದಲ್ಲಿದ್ದಾಗ ದೇವರನ್ನು ಕೂಗಿಕೊಂಡು ಬದುಕುಳಿದರು. ಪ್ರತಿ ವರ್ಷ ಆ ದಿನವನ್ನು ನೆನೆಯುತ್ತಿದ್ದರು. ಅವರ ಬಾಯಿಂದ ಬೈಗುಳ, ದೈವನಿಂದೆ ಹೋಯಿತು. ಹೋಗದೆ ಉಳಿದದ್ದು ಕಸುಬು. ಆ ಬಿರುಗಾಳಿಯ ನಂತರವೇ ಅವರು ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನರಾದರು, 1750ರಿಂದ 1754ರವರೆಗೆ. ಡೆಕ್ಕಿನ ಮೇಲೆ ನಾವಿಕರಿಗೆ ಪ್ರಾರ್ಥನೆ ನಡೆಸುತ್ತಿದ್ದರು. ಕೆಳಗೆ ಸರಪಳಿಯಲ್ಲಿ ಮನುಷ್ಯರಿದ್ದರು. 1752ರ ಡಿಸೆಂಬರಿನಲ್ಲಿ ಗುಲಾಮರ ದಂಗೆಯ ಸುಳಿವು ಸಿಕ್ಕಾಗ ಹುಡುಗರಿಗೆ ಸಂಕೋಲೆ ಹಾಕಿಸಿ, ಪೂರ್ತಿ ತಪ್ಪೊಪ್ಪಿಗೆ ಹೊರಡಿಸಲು ಅವರ ಹೆಬ್ಬೆರಳುಗಳಿಗೆ ತಿರುಪು ಬಿಗಿಸಿದ್ದನ್ನು ತಮ್ಮ ದಿನಚರಿಯಲ್ಲಿ ಅವರೇ ಬರೆದಿಟ್ಟಿದ್ದಾರೆ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ದೇವರ ಮುಂದೆ ತಪ್ಪೊಪ್ಪಿಕೊಂಡ ಮನುಷ್ಯ ಮಕ್ಕಳ ಬೆರಳು ಹಿಂಡಿ ಅವರಿಂದ ತಪ್ಪೊಪ್ಪಿಗೆ ಪಡೆಯುತ್ತಿದ್ದಾನೆ, ಅದರಲ್ಲಿ ಅವನಿಗೆ ಯಾವ ವಿರೋಧವೂ ಕಾಣುತ್ತಿಲ್ಲ.

ಅವರು ಕಸುಬು ಬಿಟ್ಟದ್ದೂ ಅನಾರೋಗ್ಯದಿಂದ. 1764ರಲ್ಲಿ ಸಭಾಪಾಲಕರಾದರು. ಗುಲಾಮ ವ್ಯಾಪಾರದ ವಿರುದ್ಧ ಅವರ ಕಿರುಹೊತ್ತಿಗೆ ಹೊರಬಂದದ್ದು 1788ರಲ್ಲಿ, ಆ ಬಿರುಗಾಳಿಯ ನಲವತ್ತು ವರ್ಷಗಳ ನಂತರ. ಈ ಒಪ್ಪಿಗೆ ತಡವಾಗಿ ಬಂತೆಂದು ಅದರಲ್ಲಿ ಅವರೇ ಹೇಳಿಕೊಂಡರು. ಹಡಗಿನ ತಳದಲ್ಲಿ ಮನುಷ್ಯರನ್ನು ಹೇಗೆ ಒತ್ತೊತ್ತಾಗಿ ಮಲಗಿಸುತ್ತಿದ್ದರು, ಹೆಂಗಸರ ಮೇಲೆ ಏನೇನು ನಡೆಯುತ್ತಿತ್ತು ಎಂಬುದನ್ನು ಕಂಡವನಾಗಿ, ಮಾಡಿದವನಾಗಿ ವಿವರಿಸಿದರು. 1790ರಲ್ಲಿ ಸಂಸತ್ತಿನ ಸಮಿತಿಯ ಮುಂದೆಯೂ ಸಾಕ್ಷಿ ನುಡಿದರು. 1807ರಲ್ಲಿ ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿತು. ಆ ವರ್ಷದ ಕೊನೆಗೆ ಅವರು ತೀರಿಕೊಂಡರು. ಬಿರುಗಾಳಿಯ ರಾತ್ರಿಯನ್ನು ನಾನು ಸುಳ್ಳೆನ್ನುವುದಿಲ್ಲ. ಅವರ ಪಶ್ಚಾತ್ತಾಪ ಆ ರಾತ್ರಿ ಶುರುವಾಗಿ, ನೊಂದವರನ್ನು ಮುಟ್ಟಲು ನಲವತ್ತು ವರ್ಷ ತೆಗೆದುಕೊಂಡಿತು ಎನ್ನುತ್ತೇನೆ. ನಾವು ಹಾಡುವುದು ಆ ರಾತ್ರಿಯನ್ನು. ಆ ಕಿರುಹೊತ್ತಿಗೆಯನ್ನೂ ನಮ್ಮ ಸಭೆಗಳಲ್ಲಿ ಓದಬೇಕು.

ನಮ್ಮ ನೆಲದ್ದೇ ಒಂದು ಪ್ರಸಂಗಕ್ಕೆ ಬರುತ್ತೇನೆ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಏನಾಯಿತೆಂದು ನಿಮಗೆ ಹೇಳಬೇಕಿಲ್ಲ. ಆ ಮೇ ತಿಂಗಳಲ್ಲಿ ಆಂಗ್ಲಿಕನ್ ಗುರು ಚಾರ್ಲ್ಸ್ ಆಂಡ್ರ್ಯೂಸ್ ಪಂಜಾಬಿಗೆ ಹೋಗಲು ಯತ್ನಿಸಿದಾಗ ಸರ್ಕಾರ ಅವರನ್ನು ಅಮೃತಸರದಲ್ಲಿ ತಡೆದು ಹಿಂದಕ್ಕೆ ಕಳಿಸಿತು. ಸೈನ್ಯಾಡಳಿತ ತೆಗೆದ ಮೇಲೆ ಹೋಗಿ ಊರೂರು ಸುತ್ತಿ, ಜನರ ಮಾತು ಕೇಳಿ ಬರೆದುಕೊಂಡರು. ಬಹಿರಂಗವಾಗಿ ಛಡಿಯೇಟು ತಿಂದಿದ್ದ ಸಿಖ್ ಹಿರಿಯರೊಬ್ಬರ ಮುಂದೆ ಬಾಗಿ, ಅವರ ಪಾದ ಮುಟ್ಟಿ, ತಮ್ಮ ದೇಶದವರ ಪರವಾಗಿ ಕ್ಷಮೆ ಬೇಡಿದರೆಂದು ಅವರ ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಆಂಡ್ರ್ಯೂಸ್ ಯಾರ ಮೇಲೂ ಛಡಿ ಬೀಸಿದವರಲ್ಲ. ಆದರೂ ಆ ಛಡಿ ಬೀಸಿದ ಅಧಿಕಾರದ ನೆರಳಿನಲ್ಲೇ ತಾವು ಬಾಳಿದ್ದು ಅವರಿಗೆ ಗೊತ್ತಿತ್ತು. ಪಾದ ಮುಟ್ಟಿ ಕೈತೊಳೆದುಕೊಳ್ಳಲಿಲ್ಲ. ಕೇಳಿ ಬರೆದುಕೊಂಡದ್ದನ್ನು ಸತ್ಯಶೋಧನೆಗೆ ಒದಗಿಸಿದರು.

ಸರಿಯಾಗಿ ನೂರು ವರ್ಷಗಳ ಮೇಲೆ, 2019ರ ಸೆಪ್ಟೆಂಬರಿನಲ್ಲಿ, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಅದೇ ಬಾಗಿನ ಸ್ಮಾರಕದ ಮುಂದೆ ಉದ್ದಂಡ ಮಲಗಿ ಪ್ರಾರ್ಥಿಸಿದರು. ಸರ್ಕಾರದ ಪರವಾಗಿ ಮಾತಾಡುವ ಅಧಿಕಾರ ತಮಗಿಲ್ಲ, ಆದರೆ ಧಾರ್ಮಿಕ ನಾಯಕನಾಗಿ ನಾಚಿಕೆಯಾಗುತ್ತಿದೆ ಎಂದರು. ಆ ಚಿತ್ರ ನೋಡಿ ನನ್ನ ಕಣ್ಣು ತುಂಬಿತು. ಐದು ವರ್ಷಗಳ ನಂತರ, 2024ರ ನವೆಂಬರಿನಲ್ಲಿ, ಅವರೇ ರಾಜೀನಾಮೆ ಘೋಷಿಸಬೇಕಾಯಿತು. ಕ್ರೈಸ್ತ ಶಿಬಿರಗಳ ಮೂಲಕ ಪರಿಚಯವಾದ ಹುಡುಗರನ್ನು ಕ್ರೂರವಾಗಿ ಹೊಡೆಯುತ್ತಿದ್ದ ವಕೀಲನೊಬ್ಬನ ವಿಷಯ 2013ರಲ್ಲೇ ತಿಳಿದಿದ್ದರೂ ಸಾಕಷ್ಟು ಮಾಡಲಿಲ್ಲ ಎಂದು ಸ್ವತಂತ್ರ ವರದಿಯೊಂದು ಹೇಳಿತ್ತು. ಅಮೃತಸರದ ಆ ಪ್ರಾರ್ಥನೆ ಕಪಟವಾಗಿತ್ತೆಂದು ನಾನು ನಂಬುವುದಿಲ್ಲ. ನೂರು ವರ್ಷ ಹಿಂದಿನ ನೊಂದವರ ಮುಂದೆ ಮಲಗುವುದು, ಇಂದು ಉತ್ತರಕ್ಕಾಗಿ ಕಾಯುತ್ತ ಕುಳಿತಿರುವವರ ಮುಂದೆ ಕೂರುವುದಕ್ಕಿಂತ ಹಗುರ. ಪದವಿಯಲ್ಲಿರುವವರೆಲ್ಲರಿಗೂ, ಸಭೆಯ ಸಣ್ಣ ಸಮಿತಿಯಲ್ಲಿ ಕೂತವರಿಗೂ ಇದು ಅನ್ವಯಿಸುತ್ತದೆ.

ದಕ್ಷಿಣ ಭಾರತದ ಸಭೆಗೆ (ಸಿ.ಎಸ್.ಐ.) ಈ ವಿಚಾರದಲ್ಲಿ ಒಂದು ದೊಡ್ಡ ಆಸ್ತಿಯಿದೆ. 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ಸಿ.ಎಸ್.ಐ. 1950ರಲ್ಲಿ ತನ್ನ ಪ್ರಭುಭೋಜನದ ಆರಾಧನಾ ಕ್ರಮವನ್ನು ರೂಪಿಸಿದಾಗ, ಸಿರಿಯನ್ ಕ್ರೈಸ್ತರ ಹಳೆಯ ಪದ್ಧತಿಯಿಂದ ಸಮಾಧಾನದ ಕೈಹಿಡಿತವನ್ನು ತಂದು ಸೇರಿಸಿತು. ಕಾಣಿಕೆ ಅರ್ಪಿಸುವ ಮುನ್ನ ಪಕ್ಕದವರ ಕೈಯನ್ನು ಎರಡೂ ಅಂಗೈಗಳ ನಡುವೆ ಹಿಡಿಯುವುದು. ಪರ್ವತ ಪ್ರಸಂಗದ ಅಪ್ಪಣೆಗೆ ನಮ್ಮ ಹಿರಿಯರು ಕೊಟ್ಟ ದೇಹರೂಪ ಅದು. ಅದನ್ನು ಕಂಡು ಜಗತ್ತಿನ ಬೇರೆ ಸಭೆಗಳೂ ಕಲಿತವು. ಈಗ ನಾವು ಯಾರ ಕೈ ಹಿಡಿಯುತ್ತೇವೆ? ಪಕ್ಕದಲ್ಲಿ ಕೂತ ನಮ್ಮ ಮನೆಯವರದು, ಗೆಳೆಯರದು. ಪಿತ್ರಾರ್ಜಿತ ಜಮೀನಿನ ಪಾಲಿಗಾಗಿ ಕೋರ್ಟಿನಲ್ಲಿ ಎದುರಾಬದುರು ನಿಂತ ಅಣ್ಣ ಆಚೆಯ ಸಾಲಿನಲ್ಲಿ ಕೂತಿರುತ್ತಾನೆ. ಚುನಾವಣೆಯಲ್ಲಿ ಹೆಸರು ಕೆಡಿಸಿದವನು ಹಿಂದಿನ ಬೆಂಚಿನಲ್ಲಿರುತ್ತಾನೆ. ಜಾತಿಯ ಹೆಸರು ಹಿಡಿದು ಮದುವೆ ಮಾತುಕತೆ ಮುರಿದ ಮನೆಯವರೂ, ಮುರಿಸಿಕೊಂಡ ಮನೆಯವರೂ ಒಂದೇ ಪಾತ್ರೆಯಿಂದ ಕುಡಿಯುತ್ತಾರೆ. ದೇವರ ಮುಂದೆ ಎಲ್ಲರೂ ಒಂದೇ ಎಂದು ಹಾಡುವ ಸಭೆಯಲ್ಲಿ ಜಾತಿಯಿಂದಾದ ಗಾಯದ ಬಗ್ಗೆ ಬಹಿರಂಗವಾಗಿ ತಪ್ಪೊಪ್ಪಿಕೊಂಡ ಆರಾಧನೆ ಎಷ್ಟು ಸಲ ನಡೆದಿದೆ? ಪ್ರಭುಭೋಜನಕ್ಕೆ ಮುಂಚಿನ ಸಿದ್ಧತೆಯ ಕೂಟವನ್ನು ಕೆಲವು ಕಡೆ ಇಂದಿಗೂ ಉಳಿಸಿಕೊಂಡಿದ್ದಾರೆ. ಅದನ್ನು ಎಲ್ಲ ಕಡೆ ಮತ್ತೆ ತರಬೇಕೆಂಬುದು ನನ್ನ ಒತ್ತಾಯದ ಕೋರಿಕೆ. ಅಲ್ಲಿ ಹಾಡು ಕಡಿಮೆ ಇರಲಿ, ಮನೆಮನೆಗೆ ಹೋಗಿ ಬರಲು ಸಮಯ ಇರಲಿ.

ಕೊನೆಯದಾಗಿ, ಸಭಾಪಾಲಕರಾಗಲು ಸಿದ್ಧರಾಗುತ್ತಿರುವ ತರುಣ ತರುಣಿಯರಿಗೆ ಒಂದು ಮಾತು. ಕುಡಿದು ಹೆಂಡತಿಯನ್ನು ಬಡಿಯುತ್ತಿದ್ದವನು ಒಂದು ಭಾನುವಾರ ಮುಂದೆ ಬಂದು ಅಳುತ್ತಾನೆ. ಸಭೆ ಹಲ್ಲೆಲೂಯ ಎನ್ನುತ್ತದೆ. ಹಿರಿಯರು ಆಕೆಯ ಕಡೆ ತಿರುಗಿ, 'ಕ್ಷಮಿಸಿಬಿಡಮ್ಮ, ಏಳೆಪ್ಪತ್ತು ಸಲ ಕ್ಷಮಿಸಬೇಕೆಂದು ಸ್ವಾಮಿಯೇ ಹೇಳಿದ್ದಾರೆ' ಎನ್ನುತ್ತಾರೆ. ತಪ್ಪು ಮಾಡಿದವನು ಅತ್ತು ಹಗುರಾದ. ಹೊರೆ ಏಟು ತಿಂದವಳ ತಲೆಗೆ ಬಂತು. ಲೂಕನ 17ನೆಯ ಅಧ್ಯಾಯದಲ್ಲಿ ಕ್ಷಮೆಯ ಮಾತಿಗೆ ಮುಂಚೆ ಗದರಿಸು ಎಂಬ ಮಾತಿದೆ, ಅವನು ಪಶ್ಚಾತ್ತಾಪಪಟ್ಟರೆ ಎಂಬ ಷರತ್ತಿದೆ. ಆ ಎರಡನ್ನೂ ಬಿಟ್ಟು ಕ್ಷಮೆಯನ್ನಷ್ಟೇ ಆಕೆಯಿಂದ ವಸೂಲಿ ಮಾಡುವ ಹಕ್ಕನ್ನು ನಮಗೆ ಯಾರು ಕೊಟ್ಟರು?

ಅವನ ಕಣ್ಣೀರನ್ನು ತಿರಸ್ಕರಿಸಬೇಡಿ. ಯೂದನನ್ನು ನೆನೆಯಿರಿ: ಮೂವತ್ತು ಬೆಳ್ಳಿ ನಾಣ್ಯ ಹಿಂದಕ್ಕೆ ತಂದು, ತಪ್ಪು ಮಾಡಿದೆ ಎಂದವನನ್ನು ಯಾಜಕರು, ಅದು ನಿನ್ನ ಪಾಡು ಎಂದು ಹೊರಗೆ ಅಟ್ಟಿದರು, ಅವನು ನೇಣಿಗೆ ಹೋದ. ಹೊರಗೆ ಅಟ್ಟುವುದು ನಮ್ಮ ಕೆಲಸವಲ್ಲ. ಅವನ ಜೊತೆ ಕೂತುಕೊಳ್ಳಿ. ಗಿರವಿ ಇಟ್ಟ ಆಕೆಯ ಬಳೆ ಬಿಡಿಸಿ ತಂದೆಯಾ ಎಂದು ಕೇಳಿ. ಸಂಬಳ ಯಾರ ಕೈಗೆ ಹೋಗುತ್ತಿದೆ, ಕುಡಿತ ಬಿಡಿಸುವ ಚಿಕಿತ್ಸೆಗೆ ಯಾವ ದಿನ ಹೋಗುತ್ತೀಯಾ ಎಂದು ಕೇಳಿ. ಆ ದಿನ ನೀವೂ ಜೊತೆಗೆ ಹೋಗಿ. ಆಕೆ ತವರಿನಲ್ಲಿದ್ದರೆ, ಅಲ್ಲೇ ಇರುತ್ತೇನೆ ಎಂದರೆ, ಕರೆತರಲು ನಿಯೋಗ ಕಳಿಸಬೇಡಿ. ಆಕೆಯ ಖರ್ಚಿಗೆ ತಿಂಗಳು ತಿಂಗಳು ಅವನ ಕೈಯಿಂದ ಹಣ ಹೋಗುವಂತೆ ನೋಡಿಕೊಳ್ಳಿ. ಕ್ಷಮಿಸುವುದೋ ಬಿಡುವುದೋ, ಎಂದು ಕ್ಷಮಿಸುವುದು, ಕ್ಷಮಿಸಿದ ಮೇಲೂ ಅದೇ ಮನೆಗೆ ಮರಳುವುದೋ ಇಲ್ಲವೋ, ಇವೆಲ್ಲ ಆಕೆ ಮತ್ತು ದೇವರು ಕೂಡಿ ತೀರ್ಮಾನಿಸಬೇಕಾದವು. ಅಷ್ಟರ ತನಕ ಅವನು ಪ್ರಭುಭೋಜನಕ್ಕೆ ಬರಬೇಕೇ ಬೇಡವೇ ಎಂದು ನನ್ನನ್ನು ಕೇಳಿದರೆ, ಆರಾಧನೆಗೆ ಬರಲಿ, ವಾಕ್ಯ ಕೇಳಲಿ, ಸಭೆಯ ಪ್ರಾರ್ಥನೆಯಲ್ಲಿ ಅವನ ಹೆಸರಿರಲಿ; ಕಾಣಿಕೆಯನ್ನು ಮಾತ್ರ ಅಲ್ಲೇ ಬಿಟ್ಟು ಮೊದಲು ಆ ಕೆಲಸ ಮುಗಿಸಲಿ ಎನ್ನುತ್ತೇನೆ. ಇದಕ್ಕೆ ವರ್ಷವೇ ಹಿಡಿದರೂ ಸಭೆ ಅವನ ಜೊತೆಗೂ ಆಕೆಯ ಜೊತೆಗೂ ಕಾಯಲಿ. ನಿಮ್ಮ ಪ್ರಶ್ನೆಗಳಿಗೆ ಈಗ ಸಮಯವಿದೆ. ಮೊದಲ ಪ್ರಶ್ನೆ ಹೆಣ್ಣುಮಕ್ಕಳ ಕಡೆಯಿಂದ ಬರಲಿ ಎಂದು ಅಧ್ಯಕ್ಷರಲ್ಲಿ ವಿನಂತಿಸುತ್ತೇನೆ.